ಹಸಿರು ಲಂಗದ ಒಳಮಡಿಕೆ

ಶಿಕಾರಿಪುರದಲ್ಲಿ ಯಾರ ಮಗು ಎಷ್ಟು ಬೆಳೆದಿದೆ ಎಂದು ತೀರ್ಪು ಕೊಡುವ ಅಧಿಕಾರ ಟೈಲರ್ ಮುಕ್ತಾರ್ ಅಹಮದರದು. ಯಾರು ಕೊಟ್ಟರು ಎಂದು ಕೇಳಬಾರದು, ಅವರೇ ತೆಗೆದುಕೊಂಡದ್ದು. ಬೆಳೆಯುವ ಮಕ್ಕಳಿಗೆ ಹಬ್ಬದ ಬಟ್ಟೆ ಹೊಲಿಯುವಾಗ ಅಂಚಿನ ಒಳಗೆ ಆರು ಬೆರಳಿನಷ್ಟು ಬಟ್ಟೆ ಮಡಚಿ ಬಿಡುವುದು ಅವರ ಪದ್ಧತಿ. ಮುಂದಿನ ವರ್ಷ ಹಬ್ಬದ ಹಿಂದಿನ ಮಧ್ಯಾಹ್ನ ತಾಯಂದಿರು ಅದೇ ಬಟ್ಟೆ ಹಿಡಿದು ಅಂಗಡಿ ಮುಂದೆ ಸೇರುತ್ತಾರೆ. ಮುಕ್ತಾರ್ ಅಹಮದರು ಕೂಲಿ ಮುಟ್ಟದೆ ಎರಡು ಬೆರಳು ಮಡಿಕೆ ಬಿಚ್ಚಿ, ಅಂಚು ಹೊಲಿದು, ಮಗುವಿಗೆ ತೊಡಿಸಿ, "ಎರಡು ಬೆರಳು ಬೆಳೀತು, ಮಾಷಾಅಲ್ಲಾ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ಬಿಚ್ಚಿದ ಕಡೆ ಬಿಸಿಲು ಕಾಣದ ಬಟ್ಟೆ ಹೊಸ ಬಣ್ಣದಲ್ಲಿ ಮಿಂಚುತ್ತದೆ. ಆ ಎರಡು ಬೆರಳಿನ ಪಟ್ಟಿ ನೋಡಿ ಊರು ಹಿಗ್ಗುತ್ತದೆ. ಹಳೇ ಬಟ್ಟೆ ಹಾಕಿಕೊಂಡು ಇಷ್ಟು ಹಿಗ್ಗುವ ಜನ ಬೇರೆ ಯಾವ ಊರಲ್ಲೂ ಇರಲಿಕ್ಕಿಲ್ಲ ಎಂದು ಅರ್ಫಾತ್ ಪಕ್ಕದ ಮಿಷನ್ ತುಳಿಯುತ್ತ ಅಂದುಕೊಳ್ಳುತ್ತಿದ್ದ.

ಅರ್ಫಾತ್ ಮುಕ್ತಾರ್ ಅಹಮದರ ಮಗ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲರೆದುರು "ನೀನು ಕತ್ತರಿ ಹಿಡಿಯೋಕೇ ಲಾಯಕ್ಕು" ಅಂದಾಗ, ಸರಿ ಹಾಗಾದರೆ ಎಂದು ಎದ್ದು ಬಂದವನು ವಾಪಸು ಹೋಗಲಿಲ್ಲ. ಈಗ ಇಪ್ಪತ್ತೆರಡು ವರ್ಷ. ಮೇಷ್ಟ್ರ ಪ್ಯಾಂಟುಗಳನ್ನು ಇವನೇ ಹೊಲಿಯುತ್ತಾನೆ, ಸೊಂಟ ಒಂದಿಷ್ಟು ಬಿಗಿಯಾಗಿಯೇ ಹೊಲಿಯುತ್ತಾನೆ.

ಆ ವರ್ಷ ಯುಗಾದಿ ಮತ್ತು ರಂಜಾನ್ ಒಂದರ ಬೆನ್ನಿಗೊಂದು ಬಂದಿದ್ದವು. ಅಂಗಡಿ ಮುಂದೆ ಬುರ್ಖಾಗಳೂ ಕುಂಕುಮಗಳೂ ಒಟ್ಟಿಗೆ ಗಲಾಟೆ ಎಬ್ಬಿಸಿದ್ದವು. ತೊಗರ್ಸಿಯಿಂದ ಬಸ್ಸು ಹಿಡಿದು ಬಂದ ವರದಮ್ಮ ಮೊಮ್ಮಗಳ ಲಂಗದ ಮಡಿಕೆ ಬಿಚ್ಚಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಕೊನೆಯಲ್ಲಿ ಟೈಲರರ ಸ್ವಂತ ಮಗಳು ಸಬಿಹಾಳ ಸರದಿ. ಎಂಟನೇ ವಯಸ್ಸಿನಲ್ಲಿ ಹೊಲಿಸಿದ ಹಸಿರು ಲಂಗ, ಮೈತುಂಬ ಜರಿ ಹೂವಿನ ಸಾಲು. ಮುಕ್ತಾರ್ ಅಹಮದರು ಉಳಿದಿದ್ದ ಕೊನೆಯ ಎರಡು ಬೆರಳನ್ನೂ ಬಿಚ್ಚಿದರು. ಅಂಚಿನಲ್ಲಿ ಮೂರು ವರ್ಷದ ಮೂರು ಗೆರೆ, ಒಂದಕ್ಕಿಂತ ಒಂದು ಗಾಢ ಹಸಿರು.

"ಏನ್ ಸಾಬ್ರೆ," ವರದಮ್ಮ ಎಲೆ ಅಡಿಕೆ ಬಾಯಲ್ಲೇ ಕೇಳಿದಳು, "ನಿಮ್ ಹುಡುಗಿ ಹ್ವಾದ ವರ್ಷಾನೂ ನನ್ ಸೊಂಟಕ್ಕೆ ಇದ್ಲು. ಈಗ್ಲೂ ಅಲ್ಲೇ ಐತಲ್ರಿ ತಲಿ?"

"ನೀವೇ ಎತ್ತರ ಆಗಿರ್ಬೇಕು ಬಿಡ್ರಮ್ಮ. ಮಡಿಕೆ ಸುಳ್ಳು ಹೇಳ್ತದಾ? ನೋಡ್ರಿ, ಆರೂ ಬೆರಳು ಖಾಲಿ."

"ಮತ್ತೆ ಮುಂದಿನ ವರ್ಷ ಪಟ್ಟಿ ಜೋಡಿಸ್ತೀರೇನು?"

ಜನ ನಕ್ಕರು. ಬಟ್ಟೆಗೆ ಕೆಳಗೆ ಬೇರೆ ಪಟ್ಟಿ ಜೋಡಿಸುವುದೆಂದರೆ ಮುಕ್ತಾರ್ ಅಹಮದರಿಗೆ ಹೇಸಿಗೆ. ಅಳತೆ ತಪ್ಪಿದ ದರಿದ್ರರು ಮಾಡುವ ಕೆಲಸ ಅದು, ಮೂವತ್ತು ವರ್ಷದಲ್ಲಿ ಒಂದು ಪಟ್ಟಿ ಜೋಡಿಸಿಲ್ಲ ಎಂದು ಮದುವೆ ಮನೆಗಳಲ್ಲಿ ಕೂತು ಹೇಳಿಕೊಳ್ಳುವವರು ಅವರು.

ಸಬಿಹಾ ಲಂಗ ಹಿಡಿದು ನಿಂತಿದ್ದಳು. ಹನ್ನೊಂದು ವರ್ಷದ ಹುಡುಗಿ, ನೋಡಿದರೆ ಏಳು. ಗುಂಡು ಮುಖ, ಗೊಂಬೆ ಕೈ. ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೂ ತೊಟ್ಟಿಲ ಮಗುವಿನ ಪಾತ್ರ ಅವಳದೇ. ನಿರ್ಮಲಮ್ಮ ಟೀಚರ್ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ವೇದಿಕೆ ಹತ್ತುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು. ಆರು ವರ್ಷ ಒಂದೇ ಮಗುವನ್ನು ತೊಟ್ಟಿಲಲ್ಲಿ ಹಾಕಿ ತೂಗಿದ ಆ ಟೀಚರಿಗೆ ಬಿ.ಎಡ್ ಬೇರೆ ಆಗಿದೆ.

ಮನೆಯಲ್ಲಿಯಾದರೂ ಯಾರಿಗಾದರೂ ಹೊಳೆಯಿತಾ? ಇಲ್ಲ. ತಾಯಿ ಅಫ್ಸರ್ ಬೇಗಂಗೆ ಅದು ಬರಕತ್ತು, ದೇವರು ಕೊಟ್ಟ ಏಳಿಗೆ. "ನನ್ ಮಗಳು ಬಟ್ಟೆ ಉಳಿಸ್ತಾಳೆ" ಎಂದು ನೆಂಟರ ಮುಂದೆ ಹೇಳಿಕೊಳ್ಳುವರು. ಹಿಂದಿನ ವರ್ಷ ಸೊರಬದಿಂದ ಅವರ ತಮ್ಮ ಕಲೀಂ ಬಂದು ದೊಡ್ಡ ಡಬ್ಬಿಯೊಂದನ್ನು ಇಟ್ಟು, "ಆಪಾ, ಇದು ಹೈಟ್ ಪೌಡರ್. ಹಾಲಲ್ಲಿ ಹಾಕಿ ಕೊಡು, ಕುದುರೆ ಹಂಗೆ ಬೆಳೀತಾಳೆ" ಎಂದ. ವರ್ಷವಿಡೀ ಕುಡಿಸಿದರು. ಸಬಿಹಾ ಬೆಳೆದಳು, ಅಡ್ಡಕ್ಕೆ.

ಹಬ್ಬ ಮುಗಿದ ವಾರ ಅರ್ಫಾತ್ ಸೊರಬಕ್ಕೆ ಹೋದ. ಕಲೀಂ ಮಾಮುವಿನ ನಿಕಾಹ್ ಗೊತ್ತಾಗಿತ್ತು, ಶೇರ್ವಾನಿಯ ಕಚ್ಚಾ ಹೊಲಿಗೆ ತೊಡಿಸಿ ನೋಡಬೇಕಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಹಳೇ ಗೋದಾಮಿನಲ್ಲಿ ಮಾಮುವಿನ ಜಿಮ್ಮು. ನಾಲ್ಕು ಕಬ್ಬಿಣದ ಗುಂಡು, ಎಂಟು ಕನ್ನಡಿ. ಮಾಮು ಐದಡಿಗಿಂತ ಒಂದಿಷ್ಟು ಮೇಲೆ ಇದ್ದಾನೆ, ಆದರೆ ಕನ್ನಡಿಯಲ್ಲಿ ತನಗೆ ಎಷ್ಟು ಎತ್ತರ ಕಾಣುತ್ತಾನೋ ಅವನೇ ಹೇಳಬೇಕು.

"ತೋಳು ಬಿಗಿ ಮಾರಾಯ," ಎಂದ ಮಾಮು.

"ಹೋದ ತಿಂಗಳ ಅಳತೆಗೇ ಹೊಲಿದಿದ್ದು. ನೀವು ಊದಿದೀರಿ."

"ಊದೋದಲ್ಲ, ಬೆಳೆಯೋದು ಅನ್ನು. ಗುಂಡಿ ಹಾಕು, ನನ್ ಕೈ ಜುಮ್ಮ್ ಅಂತದೆ, ಗುಂಡಿ ಹಿಡಿಯಕ್ಕೆ ಆಗ್ತಿಲ್ಲ. ಉಂಗುರ ನೋಡು, ಸೋಪು ಹಚ್ಚಿದ್ರೂ ಬರ್ತಿಲ್ಲ."

ಅದನ್ನೂ ಹೆಮ್ಮೆಯಿಂದಲೇ ಹೇಳಿದ. ನೀರು ಕುಡಿಯೋಣವೆಂದು ಅರ್ಫಾತ್ ಫ್ರಿಜ್ ತೆಗೆದರೆ ಮೊಟ್ಟೆಗಳ ಪಕ್ಕ ಪುಟ್ಟ ಪುಟ್ಟ ಗಾಜಿನ ಸೀಸೆಗಳು.

"ಮುಟ್ಬೇಡ! ಗ್ರೋಥ್ ಹಾರ್ಮೋನ್ ಅದು. ಬೆಳೆಯೋ ಹಾರ್ಮೋನು. ಮಕ್ಕಳು ಎತ್ತರ ಆಗ್ತಾರಲ್ಲ, ಅವರ ಮೈಯಲ್ಲಿ ಇದೇ ಹರಿಯೋದು. ನಾನು ಹೊಟ್ಟೆಗೆ ಚುಚ್ಕೊಳ್ತೀನಿ."

"ಯಾವ ಡಾಕ್ಟ್ರು ಬರ್ಕೊಟ್ರು?"

"ಡಾಕ್ಟ್ರಿಗೆ ಏನ್ ಗೊತ್ತು? ಹಾವೇರಿ ಹುಡುಗ ಒಬ್ಬ ತಂದ್ಕೊಡ್ತಾನೆ."

ಅರ್ಫಾತ್ ಫ್ರಿಜ್ಜಿನ ಬಾಗಿಲು ಹಾಕಲಿಲ್ಲ. "ಮಕ್ಕಳು ಎತ್ತರ ಆಗೋದು ಇದರಿಂದ ಅಂತ ಗೊತ್ತಿದ್ದೂ ಸಬಿಹಾಗೆ ಪೌಡರ್ ಕುಡಿಸಿದ್ರಾ?"

"ಏಯ್, ಅದು ಬೇರೆ. ಹೆಣ್ಣುಮಗು ಅದು. ಊರಿಗೆಲ್ಲ ರೋಗ ಅಂತ ಸಾರ್ಬೇಕಾ? ನಾಳೆ ಯಾರು ಕೈ ಹಿಡಿತಾರೆ? ಇಂಜೆಕ್ಷನ್ ಚುಚ್ಚಿದ್ರೆ ಹುಡುಗಿಗೆ ಮೀಸೆ ಬರ್ತದೆ, ಗೊತ್ತುಂಟಾ?"

"ನಿಮಗೇ ಬಂದಿಲ್ವಲ್ಲ ಮಾಮು ಇನ್ನೂ."

ಶೇರ್ವಾನಿ ಅರ್ಧ ತೊಟ್ಟಿದ್ದ ಮಾಮುವನ್ನು ಹಾಗೆಯೇ ಬಿಟ್ಟು ಅರ್ಫಾತ್ ಎದ್ದು ಬಂದ. ಶಿರಾಳಕೊಪ್ಪದವರೆಗೂ ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಕೂತಿದ್ದ. ಬೆಳೆಯುವುದಕ್ಕೆ ಮೈಯೊಳಗೆ ಒಂದು ವಸ್ತು ಬೇಕು. ಅದು ಇಲ್ಲದವರೂ ಇರುತ್ತಾರೆ. ಅದು ಸೀಸೆಯಲ್ಲಿ ಸಿಗುತ್ತದೆ. ಇಷ್ಟು ಸಣ್ಣ ಸಂಗತಿ ತಿಳಿಯುವುದಕ್ಕೆ ಒಬ್ಬ ಮೂರ್ಖನ ಫ್ರಿಜ್ ತೆಗೆಯಬೇಕಾಯಿತು.

ಮನೆಯಲ್ಲಿ ಜಗಳ ಆಯಿತು. ಅಫ್ಸರ್ ಬೇಗಂ ತಮ್ಮನ ಮಾತನ್ನೇ ತಿರುತಿರುಗಿ ಹೇಳಿದರು, ಮದುವೆ, ಮೀಸೆ, ಜನ. ಮುಕ್ತಾರ್ ಅಹಮದರು ಟೇಪು ಕೊರಳಿಗೆ ಹಾಕಿಕೊಂಡು, "ನಾನು ದಿನಾ ನೂರು ಮಕ್ಕಳನ್ನ ಅಳೀತೀನಿ. ನನ್ ಮಗಳು ಬೆಳೀತಿದಾಳೆ, ತಡವಾಗಿ ಬೆಳೀತಿದಾಳೆ, ಅಷ್ಟೇ" ಎಂದರು.

"ನೀವು ಬಟ್ಟೆ ಅಳೀತೀರಿ ಅಬ್ಬಾ, ಮಕ್ಕಳನ್ನಲ್ಲ. ಡಾಕ್ಟ್ರ ಹತ್ರ ಬರದಿದ್ರೆ ನಾಳೆಯಿಂದ ಮಿಷನ್ ಮೇಲೆ ನೀವೊಬ್ರೇ ಕೂತ್ಕೊಳ್ರಿ. ನಾನು ಮೇಸ್ತ್ರಿ ಕೆಲಸಕ್ಕೆ ಹೋಗ್ತೀನಿ."

ಮದುವೆ ಸೀಸನ್ನು ಎದುರಿಗಿತ್ತು. ಮುಕ್ತಾರ್ ಅಹಮದರು ಒಪ್ಪಿದರು. ಮಗಳ ಸಲುವಾಗಿ ಅಲ್ಲ, ಬ್ಲೌಸುಗಳ ಸಲುವಾಗಿ ಎಂದೇ ಅರ್ಫಾತ್ ತಿಳಿದುಕೊಂಡ.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರದ ನರ್ಸಿಂಗ್ ಹೋಮಿಗೆ ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಮಕ್ಕಳ ಹಾರ್ಮೋನ್ ಡಾಕ್ಟರ್ ಸುಮಾ ಬರುತ್ತಿದ್ದರು. ಹೋಗುವ ದಿನ ಬೆಳಿಗ್ಗೆ ಅಫ್ಸರ್ ಬೇಗಂ ಹಸಿರು ಲಂಗ ತೆಗೆದು, "ಇಸ್ತ್ರಿ ಹಾಕು, ದೊಡ್ಡ ಡಾಕ್ಟ್ರು" ಎಂದು ಅರ್ಫಾತನ ಮುಂದೆ ಎಸೆದರು.

"ಅದ್ಯಾಕೆ? ಬೇರೆ ಹಾಕು, ಮಾಮೂಲಿದು ಹಾಕು," ಎಂದರು ಮುಕ್ತಾರ್ ಅಹಮದರು, ಬೇಕಾದ್ದಕ್ಕಿಂತ ಜೋರಾಗಿ.

ಇಸ್ತ್ರಿಪೆಟ್ಟಿಗೆ ಲಾಡಿಯ ಕೆಳಗೆ ಬಂದಾಗ ತಡೆಯಿತು. ಬಟ್ಟೆ ಅಲ್ಲಿ ದಪ್ಪ. ಅರ್ಫಾತ್ ಒಳಮಗ್ಗಲು ತಿರುಗಿಸಿ ನೋಡಿದ. ಸೊಂಟಪಟ್ಟಿಯ ಕೆಳಗೆ, ಮೇಲೆ ಕುರ್ತಾ ಮುಚ್ಚುವ ಜಾಗದಲ್ಲಿ, ಬಟ್ಟೆಯನ್ನು ಒಳಗೆ ಹಿಡಿದು ಮಡಚಿ ಕೈಹೊಲಿಗೆ ಹಾಕಿತ್ತು. ಮಡಿಕೆಯ ಕೆಳಗೆ ಮಡಿಕೆ, ಮೂರು. ಹೊಲಿಗೆ ಎಷ್ಟು ಸಣ್ಣದೆಂದರೆ ಹೊರಗಿನಿಂದ ನೂಲೇ ಕಾಣದು. ಶಿಕಾರಿಪುರದಲ್ಲಿ ಅಂಥ ಕೈ ಒಂದೇ ಇರುವುದು.

ಅವನಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಪ್ರತಿ ಹಬ್ಬಕ್ಕೂ ಕೆಳಗೆ ಎಲ್ಲರೆದುರು ಬಿಚ್ಚುವುದು, ಮೇಲೆ ಕದ್ದು ಅಷ್ಟೇ ಹಿಡಿಯುವುದು. ಲಂಗದ ಉದ್ದ ಮೂರು ವರ್ಷದಿಂದ ಒಂದೇ.

ಅವನು ಇಸ್ತ್ರಿ ಮುಗಿಸಿದ. ಡಾಕ್ಟರ ಮುಂದಾದರೂ ಈ ಮನುಷ್ಯ ಬಾಯಿ ಬಿಡುತ್ತಾನೋ ನೋಡೋಣ ಎಂದುಕೊಂಡ. ನೂಲು ಕತ್ತರಿಸುವ ಪುಟ್ಟ ಕತ್ತರಿ ಎಂದಿನಂತೆ ಜೇಬಿನಲ್ಲಿತ್ತು.

ನರ್ಸಿಂಗ್ ಹೋಮಿನಲ್ಲಿ ನರ್ಸಮ್ಮ ತೂಕಕ್ಕೆಂದು ಲಂಗ ಬಿಚ್ಚಿಸಿ ಕುರ್ಚಿಯ ಮೇಲೆ ಹಾಕಿದಳು. ಪಾಯಿಜಾಮಾ ಕುರ್ತಾದಲ್ಲಿ ಸಬಿಹಾ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಡಾಕ್ಟರ್ ಎತ್ತರ ಬರೆದುಕೊಂಡರು, ಕೈ ಕಾಲು ನೋಡಿದರು, ತಂದೆ ತಾಯಿಯ ಎತ್ತರ ಕೇಳಿದರು.

"ಗಿಡ್ಡ ಇದ್ದಾಳೆ. ಆದರೆ ಗಿಡ್ಡ ಇರುವ ಮಕ್ಕಳಿಗೆಲ್ಲ ಕಾಯಿಲೆ ಅಂತ ಅಲ್ಲ. ನನಗೆ ಬೇಕಾಗಿರೋದು ವರ್ಷಕ್ಕೆ ಎಷ್ಟು ಬೆಳೀತಿದ್ದಾಳೆ ಅನ್ನೋದು. ಹಿಂದಿನ ಅಳತೆ ಶಾಲೆಯಲ್ಲಿ ಏನಾದರೂ?"

"ಶಾಲೆಯಲ್ಲಿ ತೊಟ್ಟಿಲಿದೆ, ಅಳತೆಪಟ್ಟಿ ಇಲ್ಲ," ಎಂದ ಅರ್ಫಾತ್.

ಡಾಕ್ಟರಿಗೆ ಅದು ತಿಳಿಯಲಿಲ್ಲ. ಮುಕ್ತಾರ್ ಅಹಮದರ ಕಡೆ ತಿರುಗಿದರು. "ಸರಿ, ಬಟ್ಟೆ ಹೇಳಿ. ವರ್ಷ ವರ್ಷ ಬಟ್ಟೆ ಗಿಡ್ಡ ಆಗುತ್ತಾ ಇವಳಿಗೆ?"

ಅರ್ಫಾತ್ ಅಪ್ಪನ ಮುಖವನ್ನೇ ನೋಡಿದ.

"ಆಗ್ತದೆ ಡಾಕ್ಟ್ರೇ," ಎಂದರು ಮುಕ್ತಾರ್ ಅಹಮದರು. "ನಾನೇ ಟೈಲರ್. ವರ್ಷಕ್ಕೆ ಎರಡು ಬೆರಳು ಬಿಚ್ತೀನಿ. ಬೇಕಾದ್ರೆ ನೋಡ್ರಿ." ಕುರ್ಚಿಯ ಮೇಲಿನ ಲಂಗದ ಅಂಚು ಎತ್ತಿ ಮೂರು ಗೆರೆ ತೋರಿಸಿದರು. ಕೈ ನಡುಗಲಿಲ್ಲ. ಹೊಲಿಗೆ ಹಾಕುವ ಕೈ ಅಲ್ಲವೇ.

ಡಾಕ್ಟರ್ ಬೆರಳಲ್ಲಿ ಗೆರೆ ಮುಟ್ಟಿ ನೋಡಿದರು. ಮುಖ ಸಡಿಲವಾಯಿತು. "ಪರವಾಗಿಲ್ಲ, ಕಾಲು ಬೆಳೀತಾ ಇದೆ. ಹಾಗಾದ್ರೆ ಈಗಲೇ ಟೆಸ್ಟು ಸ್ಕ್ಯಾನು ಅಂತ ಓಡಾಡೋದು ಬೇಡ. ಒಂದು ವರ್ಷ ನೋಡೋಣ."

ಒಂದು ವರ್ಷ. ಮತ್ತೊಂದು ಹಬ್ಬ, ಮತ್ತೊಂದು ಮಡಿಕೆ, ಮತ್ತೊಂದು ತೊಟ್ಟಿಲು. ಅರ್ಫಾತ್ ಎದ್ದ.

"ಡಾಕ್ಟ್ರೇ, ಕೆಳಗೆ ನೋಡಿದ್ರಿ. ಮೇಲೂ ನೋಡ್ರಿ."

"ಅರ್ಫಾತ್!" ಎಂದರು ಮುಕ್ತಾರ್ ಅಹಮದರು.

ಅವನು ಲಂಗ ತಿರುಗಿಸಿ ಸೊಂಟಪಟ್ಟಿಯ ಕೆಳಗೆ ಕತ್ತರಿ ತೂರಿಸಿದ. ಒಂದು ಮಡಿಕೆ ಬಿಚ್ಚಿತು, ಎರಡು, ಮೂರು. ಲಂಗ ಕುರ್ಚಿಯಿಂದ ಇಳಿದು ನೆಲಕ್ಕೆ ಹರಡಿತು. ಸೊಂಟದ ಹತ್ತಿರ ಜರಿ ಹೂವಿನ ಎರಡು ಇಡೀ ಸಾಲು ಹೊರಗೆ ಬಂದವು, ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿದ್ದವು.

"ಕೆಳಗೆ ಬಿಚ್ಚಿದ್ದು ಊರಿಗೆ ತೋರ್ಸಕ್ಕೆ. ಮೇಲೆ ಹಿಡಿದಿದ್ದು ಇವರಿಗೊಬ್ಬರಿಗೇ ಗೊತ್ತು. ನನ್ ತಂಗಿ ಬೆಳೆದಿಲ್ಲ ಡಾಕ್ಟ್ರೇ. ಇವರ ಸುಳ್ಳು ಬೆಳೆದದ್ದು, ವರ್ಷಕ್ಕೆ ಎರಡು ಬೆರಳು."

ಡಾಕ್ಟರ್ ಟೇಪು ಹಿಡಿದು ಮೇಲಿನದನ್ನೂ ಕೆಳಗಿನದನ್ನೂ ಅಳೆದರು. ಬರೆದಿದ್ದ ಸಾಲನ್ನು ಹೊಡೆದು ಹಾಕಿದರು. "ಯಾಕ್ರೀ ಹೀಗೆ ಮಾಡಿದ್ರಿ?" ಎಂದು ಕೇಳಿದರು, ಸಿಟ್ಟಿಲ್ಲದೆ. ಆ ಸಿಟ್ಟಿಲ್ಲದ್ದೇ ಅರ್ಫಾತನಿಗೆ ಸಿಟ್ಟು ತರಿಸಿತು.

ಮುಕ್ತಾರ್ ಅಹಮದರು ಕೆಳಗೆ ಬಿದ್ದ ಲಂಗವನ್ನು ಎತ್ತಿಕೊಂಡು ಮಡಚತೊಡಗಿದ್ದರು. "ಮೊದಲನೇ ವರ್ಷ ಎಲ್ಲಾ ಮಕ್ಕಳದ್ದು ಬಿಚ್ಚಿದೆ, ಇವಳದ್ದು ಬಿಚ್ಚೋ ಹಂಗಿರಲಿಲ್ಲ. ಅತ್ತಳು. ಬಿಚ್ಚಿದ್ರೆ ನೆಲ ಗುಡಿಸ್ತದೆ. ಅದಕ್ಕೆ ಮೇಲೆ ಹಿಡಿದೆ. ಮುಂದಿನ ವರ್ಷ ಬೆಳೀತಾಳೆ, ಆಗ ಮೇಲಿಂದು ತೆಗೆದ್ರಾಯ್ತು ಅಂತ..."

"ನಂಗೆ ಗೊತ್ತಿತ್ತು," ಎಂದಳು ಸಬಿಹಾ.

ಎಲ್ಲರೂ ತಿರುಗಿದರು.

"ಮೇಲಿನ ಹೂವು ಕಾಣ್ತಿರಲಿಲ್ಲ. ಕುರ್ತಾ ಎತ್ತಿ ನೋಡ್ಕೊಂಡಿದ್ದೆ. ಅಬ್ಬಾಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಅಪ್ಪ ಮಗಳ ಸಲುವಾಗಿ ಸುಳ್ಳು ಹೊಲಿದ, ಮಗಳು ಅಪ್ಪನ ಸಲುವಾಗಿ ಸುಳ್ಳು ತೊಟ್ಟಳು. ಮೂರು ವರ್ಷ ಹಾಳು. ಇಂಥ ಪ್ರೀತಿಯನ್ನು ಜನ ಹೊಗಳುತ್ತಾರಲ್ಲ, ಅವರ ಬಾಯಿಗೆ ದಬ್ಬಳ ಹಾಕಿ ಹೊಲಿಯಬೇಕು ಎನಿಸಿತು ಅರ್ಫಾತನಿಗೆ.

ಆಮೇಲೆ ಶಿವಮೊಗ್ಗಕ್ಕೆ ಓಡಾಟ. ಮಣಿಕಟ್ಟಿನ ಎಕ್ಸ್‌ರೇ, ತಲೆಯ ಸ್ಕ್ಯಾನು, ಒಂದೇ ಬೆಳಿಗ್ಗೆ ಮತ್ತೆ ಮತ್ತೆ ರಕ್ತ ಪರೀಕ್ಷೆ. ಫಲಿತಾಂಶ ಬಂದ ದಿನ ಡಾಕ್ಟರ್ ಸುಮಾ ಎಕ್ಸ್‌ರೇ ಬೆಳಕಿಗೆ ಹಿಡಿದರು.

"ಮಿದುಳಿನ ಕೆಳಗೆ, ಮೂಗಿನ ಬುಡದ ಹಿಂದೆ, ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಬೆಳವಣಿಗೆಯ ಹಾರ್ಮೋನು ಬರೋದು ಅಲ್ಲಿಂದ, ಮಗು ಗಾಢವಾಗಿ ನಿದ್ದೆ ಮಾಡುವಾಗ ಜಾಸ್ತಿ. ಅದು ರಕ್ತದಲ್ಲಿ ಲಿವರಿಗೆ ಹೋಗುತ್ತೆ, ಲಿವರು ಇನ್ನೊಂದು ಹಾರ್ಮೋನು ಮಾಡಿ ಕಳಿಸುತ್ತೆ. ಇವೆರಡೂ ಸೇರಿ ಮೂಳೆಗೆ ಬೆಳಿ ಅಂತ ಹೇಳುತ್ತವೆ. ಇಲ್ಲಿ ನೋಡಿ, ಮೂಳೆಯ ತುದಿ ಹತ್ತಿರ ಕಪ್ಪು ಗೆರೆ ಇದೆಯಲ್ಲ? ಅದು ಮೆತ್ತನೆಯ ಪಟ್ಟಿ. ಅಲ್ಲಿ ಹೊಸದು ಹುಟ್ಟಿ ಗಟ್ಟಿಯಾಗ್ತಾ ಹೋದ ಹಾಗೆ ಮೂಳೆ ಉದ್ದ ಆಗುತ್ತೆ. ಇವಳ ಗ್ರಂಥಿ ಬೇಕಾದಷ್ಟು ಕೊಡ್ತಾ ಇಲ್ಲ."

ಮೂಳೆಯೂ ಒಳಗೆ ಪಟ್ಟಿ ಬಿಟ್ಟುಕೊಂಡೇ ಬಂದಿರುತ್ತದೆ ಎಂಬುದು ಅರ್ಫಾತನಿಗೆ ಥಟ್ಟನೆ ಹಿಡಿಸಿತು. "ಆ ಪಟ್ಟಿ ಎಷ್ಟು ದಿನ ಇರ್ತದೆ?"

"ಹುಡುಗಿ ದೊಡ್ಡವಳಾಗಿ ಒಂದೆರಡು ವರ್ಷದಲ್ಲಿ ಗಟ್ಟಿಯಾಗಿ ಮುಚ್ಚಿಹೋಗುತ್ತೆ. ಆಮೇಲೆ ಏನು ಚುಚ್ಚಿದ್ರೂ ಎತ್ತರ ಆಗಲ್ಲ. ಇವಳದ್ದು ಇನ್ನೂ ಚೆನ್ನಾಗಿ ತೆರೆದಿದೆ, ಇವಳಿಗೆ ಹನ್ನೊಂದಾದರೂ ಮೂಳೆಗೆ ಏಳೇ ವರ್ಷ. ಅದು ಅದೃಷ್ಟ."

"ಮುಚ್ಚಿದ ಮೇಲೂ ಚುಚ್ಕೊಂಡ್ರೆ?"

"ಕೈಕಾಲು ಊದುತ್ತೆ, ಬೆರಳು ಜುಮ್ಮೆನ್ನುತ್ತೆ, ಸಕ್ಕರೆ ಏರುತ್ತೆ. ಯಾಕೆ, ಯಾರಾದರೂ ಇದ್ದಾರಾ?"

"ನಮ್ ಮಾಮು. ಸೊರಬದಲ್ಲಿ ಬೆಳೀತಿದಾರೆ."

"ಮೀಸೆ ಬರ್ತದಾ ಡಾಕ್ಟ್ರೇ, ಹುಡುಗಿಗೆ?" ಅಫ್ಸರ್ ಬೇಗಂ ಸೆರಗಿನೊಳಗಿನಿಂದ ಕೇಳಿದರು.

"ಇಲ್ಲಮ್ಮ. ಅದು ಬೇರೆ ಹಾರ್ಮೋನು. ಇವಳ ಮೈಯಲ್ಲಿ ಇರಬೇಕಾದ್ದನ್ನೇ ನಾವು ಕೊಡೋದು. ಮಲಗೋ ಮುಂಚೆ ದಿನಾ ಒಂದು ಸಣ್ಣ ಸೂಜಿ, ವರ್ಷಗಟ್ಟಲೆ."

ಔಷಧಿ ಸರ್ಕಾರಿ ದಾರಿಯಲ್ಲಿ ಸಿಗುವಂತೆ ಮಾಡಲು ಎಷ್ಟು ಮೇಜುಗಳ ಮುಂದೆ ನಿಂತರು, ಎಷ್ಟು ಜನ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು "ಗಿಡ್ಡ ಇರೋದು ಒಂದು ಕಾಯಿಲೆನಾ?" ಎಂದು ಕೇಳಿದರು ಎಂಬುದನ್ನು ನೆನೆದರೆ ಉಗಿಯಲು ಉಗುಳು ಸಾಲದು. ಮಳೆಗಾಲ ಹಿಡಿಯುವ ಹೊತ್ತಿಗೆ ಔಷಧಿ ಬಂತು.

ಚುಚ್ಚುವವರು ಯಾರು? ಅಫ್ಸರ್ ಬೇಗಂ ಸೂಜಿ ಕಂಡರೆ ಕಣ್ಣು ಮುಚ್ಚುವರು. ಅರ್ಫಾತ್ ಮುಂದೆ ಬಂದ. ಸಬಿಹಾ ಹಿಂದೆ ಸರಿದಳು. "ನೀನು ಬೇಡ ಭಯ್ಯಾ, ನೀನು ಸಿಟ್ಟಲ್ಲಿ ಚುಚ್ತೀಯ. ಅಬ್ಬಾ ಚುಚ್ಲಿ."

ಮುಕ್ತಾರ್ ಅಹಮದರು ಚುಚ್ಚಿದರು, ಅವಳಿಗೆ ತಿಳಿಯುವ ಮೊದಲೇ ಆಗಿಹೋಗಿತ್ತು. ಅದೇ ಕೈ. ಅರ್ಫಾತ್ ಆ ಕೈಯನ್ನು ಕ್ಷಮಿಸಲಿಲ್ಲ, ಆದರೆ ಅದರ ಕೆಲಸದಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಮೊದಲು ಹಸಿವು ಬಂತು. ಆಮೇಲೆ ಚಪ್ಪಲಿ ಕಚ್ಚಿತು. ಶಾಲೆಯ ಸಮವಸ್ತ್ರದ ಪ್ಯಾಂಟಿನ ಕೆಳಗೆ ಕಣಕಾಲು ಹಣಿಕಿತು, ಅಫ್ಸರ್ ಬೇಗಂ "ನೆಟ್ಟಗೆ ಎಳ್ಕೊಳ್ಳೇ ನಾಚಿಕೆಗೆಟ್ಟವಳೇ" ಎಂದು ಬೈದು, ಬೈದ ಮೇಲೆ ಅಡುಗೆಮನೆಗೆ ಹೋಗಿ ಅತ್ತರು. ಮುಂದಿನ ಹಬ್ಬಕ್ಕೆ ಮುಕ್ತಾರ್ ಅಹಮದರು ಹಸಿರು ಲಂಗದ ಸೊಂಟಕ್ಕೆ ಒಂದೇ ಮಡಿಕೆ ಹಿಡಿದರು, ಈ ಸಲ ಅರ್ಫಾತನ ಕಣ್ಣೆದುರೇ. ಆ ವರ್ಷ ತೊಟ್ಟಿಲಿಗೆ ನಿರ್ಮಲಮ್ಮ ಟೀಚರ್ ಬೇರೆ ಮಗು ಹುಡುಕಿದರು. "ಇವಳು ಭಾರ ಆಗ್ಬಿಟ್ಲಪ್ಪ" ಎಂದರಂತೆ. ಅಷ್ಟೇ ಅವರಿಗೆ ತಿಳಿದದ್ದು.

ಕಲೀಂ ಮಾಮು ಒಮ್ಮೆ ಬಂದ. ಶೇರ್ವಾನಿಯ ತೋಳು ಬಿಚ್ಚಿಸಿಯೇ ನಿಕಾಹ್ ಮಾಡಿಕೊಂಡಿದ್ದ, ಉಂಗುರವನ್ನು ಅಕ್ಕಸಾಲಿ ಕತ್ತರಿಸಿ ತೆಗೆದಿದ್ದ. ಅಕ್ಕನ ಕಿವಿಯಲ್ಲಿ ಏನೋ ಹೇಳಿ, ಅರ್ಫಾತನ ಕಡೆ ನೋಡಿ, "ಡಾಕ್ಟ್ರು ಕೊಟ್ಟಿದ್ರಲ್ಲಿ ಒಂದೆರಡು ಉಳಿದಿದ್ರೆ... ಅದು ಅಸಲಿ ಮಾಲು ನೋಡು" ಎಂದ.

"ಉಳಿದಿದೆ ಮಾಮು. ಹೈಟ್ ಪೌಡರ್ ಡಬ್ಬಿ. ಕೊಡ್ಲಾ?"

ಅದರ ಮುಂದಿನ ವರ್ಷ ಮತ್ತೆ ಯುಗಾದಿ, ರಂಜಾನ್ ಜೊತೆಜೊತೆಗೆ ಬಂದವು. ಅಂಗಡಿ ಮುಂದೆ ಅದೇ ಗಲಾಟೆ, ಅದೇ ವರದಮ್ಮ, ಅದೇ ಎಲೆ ಅಡಿಕೆ. ಕೊನೆಯಲ್ಲಿ ಸಬಿಹಾ ಹಸಿರು ಲಂಗ ತೊಟ್ಟು ಮನೆಯಿಂದ ಬಂದು ನಿಂತಳು. ಮೇಲೆ ಮಡಿಕೆಯೊಂದೂ ಉಳಿದಿರಲಿಲ್ಲ, ಕೆಳಗೆ ಬಿಚ್ಚಲು ಒಂದು ಎಳೆ ಬಟ್ಟೆಯೂ ಇರಲಿಲ್ಲ. ಜರಿ ಹೂವಿನ ಸಾಲುಗಳಷ್ಟೂ ಹೊರಗಿದ್ದವು. ಆದರೂ ಕಾಲಗೆಜ್ಜೆ ಪೂರ್ತಿ ಕಾಣುತ್ತಿತ್ತು.

ಮುಕ್ತಾರ್ ಅಹಮದರು ಅವಳ ಕಾಲ ಬಳಿ ಕೂತು ಅಂಚು ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. ಅಂಗಡಿಯ ಮೂಲೆಯ ಚಿಂದಿ ಮೂಟೆಗೆ ಕೈ ಹಾಕಿ ಕೆಂಪು ಬಟ್ಟೆಯ ಒಂದು ಪಟ್ಟಿ ಎಳೆದರು. ಹಸಿರು ಸಿಗಲಿಲ್ಲವೋ, ಹುಡುಕಲಿಲ್ಲವೋ.

"ಏನ್ ಸಾಬ್ರೆ!" ವರದಮ್ಮ ಕಟ್ಟೆಯಿಂದ ಎದ್ದೇ ಬಿಟ್ಟಳು. "ಪಟ್ಟಿ ಜೋಡಿಸ್ತೀರೇನ್ರಿ? ನಿಮ್ ಲೆಕ್ಕ ತಪ್ಪೇತೇನು?"

ಮೂವತ್ತು ವರ್ಷದ ಸೊಕ್ಕು ಅಲ್ಲಿ ಎಲ್ಲರೆದುರು ಬಿದ್ದಿತ್ತು. ಈ ಗಳಿಗೆಗಾಗಿ ಅರ್ಫಾತ್ ಎರಡು ವರ್ಷದಿಂದ ಮಾತು ಮಸೆದು ಇಟ್ಟುಕೊಂಡಿದ್ದ, ಒಂದಲ್ಲ, ಹತ್ತು.

"ತಪ್ತು ಕಣಮ್ಮ," ಎಂದರು ಮುಕ್ತಾರ್ ಅಹಮದರು. "ಪೂರ್ತಿ ತಪ್ತು." ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು, ದಡ್ಡನಂತೆ. ಸೂಜಿಗೆ ನೂಲು ಪೋಣಿಸಲು ಹೋದರು. ಪೋಣಿಸಲಾಗಲಿಲ್ಲ. ಮತ್ತೆ ಪ್ರಯತ್ನಿಸಿದರು. ಆಗಲಿಲ್ಲ. ಮಗಳ ಹೊಟ್ಟೆಗೆ ದಿನಾ ಸೂಜಿ ಇಳಿಸುವ ಕೈಗೆ ಈಗ ಸೂಜಿಯ ಕಣ್ಣೇ ಸಿಗಲಿಲ್ಲ.

"ಕೊಡ್ರಿ ಇಲ್ಲಿ," ಅರ್ಫಾತ್ ಸೂಜಿ ಕಿತ್ತುಕೊಂಡು ಪೋಣಿಸಿ ವಾಪಸು ಕೊಟ್ಟ. ಮಸೆದಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ, ಅದಕ್ಕೂ ಅವನಿಗೆ ಸಿಟ್ಟೇ ಬಂತು.

"ಭಯ್ಯಾ, ಹಸಿರಿಗೆ ಕೆಂಪು ಚೆನ್ನಾಗಿಲ್ಲ," ಎಂದಳು ಸಬಿಹಾ ಮೇಲಿನಿಂದ.

"ಬಾಯಿ ಮುಚ್ಕೊಂಡು ನೆಟ್ಟಗೆ ನಿಂತ್ಕೋ," ಎಂದ ಅರ್ಫಾತ್. "ಅಂಚು ಓರೆ ಆಗ್ತದೆ."